ಎಕ್ಕದ ಏಳುಬೀಳು

ದೆಹಲಿಗೆ ಬಂದ ಹೊಸತರಲ್ಲಿ ನನಗೆ ಎರಡು ಸಂಗತಿಗಳು ಬಹಳ ವಿಚಿತ್ರವಾಗಿ ಕಂಡವು. ಒಂದು, ಇಲ್ಲಿಯವರು ಚಳಿಗಾಲದಲ್ಲಿ ಬೀದಿಯಲ್ಲಿ ನಿಂತು ಹಸಿ ಮೂಲಂಗಿ ತಿನ್ನುವುದು. ಇನ್ನೊಂದು, ದೀಪಾವಳಿಯ ಇಸ್ಪೀಟು. ಮೂಲಂಗಿಗೆ ಒಂದೆರಡು ವರ್ಷಗಳಲ್ಲಿ ಹೊಂದಿಕೊಂಡೆ. ಇಸ್ಪೀಟಿನ ವಿಷಯ ಅಷ್ಟು ಸುಲಭವಾಗಲಿಲ್ಲ. ನಮ್ಮ ತೀರ್ಥಹಳ್ಳಿಯ ಕಡೆ ಹಬ್ಬದ ದಿನ ಎಲೆ ಹಿಡಿದು ಕೂತರೆ ಅಜ್ಜಿ ಬೈಯುತ್ತಿದ್ದರು. ಇಲ್ಲಿಯೋ, ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಮನೆ ಮನೆಯಲ್ಲಿ ಬಿಳಿಯ ಚಾದರ ಹಾಸಿ, ಗೃಹಿಣಿಯರೂ ಸೇರಿ, ನಡುರಾತ್ರಿಯವರೆಗೆ ಮೂರೆಲೆ ಆಡುತ್ತಾರೆ. 1982ರಲ್ಲಿ ರಾಮಕೃಷ್ಣಪುರಂನ ಸರಕಾರಿ ವಸತಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಪಂಜಾಬಿ ಗೃಹಸ್ಥರು ನನ್ನನ್ನು ಕೈ ಹಿಡಿದು ಎಳೆದೊಯ್ದರು. ಈ ರಾತ್ರಿ ಆಡದವನು ಮುಂದಿನ ಜನ್ಮದಲ್ಲಿ ಕತ್ತೆಯಾಗಿ ಹುಟ್ಟುತ್ತಾನೆ ಎಂದು ಹೆದರಿಸಿದರು. ನಮ್ಮಲ್ಲಿ ಕತ್ತೆ ಎಂಬ ಹೆಸರಿನ ಇಸ್ಪೀಟಾಟವೇ ಇದೆ, ಅದರಲ್ಲಿ ಆಡಿಯೇ ಕತ್ತೆಯಾಗುವುದು ಎಂದು ಹೇಳಬೇಕೆಂದಿದ್ದೆ; ನನ್ನ ಅಂದಿನ ಹಿಂದಿಗೆ ಅಷ್ಟು ಶಕ್ತಿ ಇರಲಿಲ್ಲ.

ಅವರ ಮಾತಿಗೂ ಶಾಸ್ತ್ರದ ಆಧಾರ ಉಂಟು. ಕಾರ್ತಿಕ ಶುದ್ಧ ಪಾಡ್ಯಕ್ಕೆ, ಅಂದರೆ ನಮ್ಮ ಬಲಿಪಾಡ್ಯಮಿಗೇ, ದ್ಯೂತಪ್ರತಿಪದಾ ಎಂಬ ಇನ್ನೊಂದು ಹೆಸರಿದೆ. ಶಿವಪಾರ್ವತಿಯರು ಅಂದು ಪಗಡೆಯಾಡಿದರೆಂದು ಕಥೆ. ನಾವು ಬಲೀಂದ್ರನನ್ನು ಇಟ್ಟುಕೊಂಡು ಜೂಜನ್ನು ಬಿಟ್ಟೆವು, ಇವರು ಜೂಜನ್ನು ಇಟ್ಟುಕೊಂಡರು, ಅಷ್ಟೇ ವ್ಯತ್ಯಾಸ.

ಆ ರಾತ್ರಿ ನಾನು ಸೋತದ್ದು 23 ರೂಪಾಯಿ. ಒಂದು ವಾರದ ಹಾಲಿನ ಹಣ ಎಂದು ಮನೆಯಾಕೆ ಲೆಕ್ಕ ಹಾಕಿ ಹೇಳಿದಳು. ಸೋತ ಬಗೆ ಈಗಲೂ ನೆನಪಿದೆ. ಎಲೆ ನೋಡದೆ ಎರಡು ಸುತ್ತು ‘ಬ್ಲೈಂಡ್’ ಹಾಕಿದ್ದೆ. ತೆರೆದು ನೋಡಿದರೆ ಒಂದು ಎಕ್ಕ, ಜೊತೆಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪುಟಗೋಸಿ ಎಲೆಗಳು. ‘ಪ್ಯಾಕ್’ ಎಂದು ಎಲೆ ಇಟ್ಟುಬಿಡಬಹುದಿತ್ತು. ಆದರೆ ಎಕ್ಕವಲ್ಲವೇ! ಅದೂ ಅಲ್ಲದೆ ಆಗಲೇ ಹಣ ಹಾಕಿಯಾಗಿತ್ತು.

ಇದೆಲ್ಲ ಮರೆತೇ ಹೋಗಿತ್ತು. 2025ರ ದೀಪಾವಳಿಗೆ ನನ್ನ ಸೋದರಳಿಯ ಗುರುಗ್ರಾಮದಿಂದ ಮನೆಗೆ ಬಂದ. ಕಂಪೆನಿಯಲ್ಲಿ ಒಳ್ಳೆಯ ಕೆಲಸ, ಒಳ್ಳೆಯ ಸಂಬಳ. ಊಟವಾದ ಮೇಲೆ ಬಾಲ್ಕನಿಯಲ್ಲಿ ಕೂತಾಗ ಮೆಲ್ಲಗೆ ಹೇಳಿದ: ಮೂರು ವರ್ಷಗಳಿಂದ ಫೋನಿನಲ್ಲಿ ಹಣ ಕಟ್ಟಿ ಪೋಕರ್ ಆಡುತ್ತಿದ್ದನಂತೆ. ನೋಯ್ಡಾದಲ್ಲಿ ಮನೆಗೆ ಮುಂಗಡ ಕೊಡಲು ಕೂಡಿಟ್ಟದ್ದರಲ್ಲಿ ಮುಕ್ಕಾಲು ಪಾಲು ಹೋಯಿತಂತೆ. ಆಗಸ್ಟಿನಲ್ಲಿ ಕಾನೂನು ಬಂದು ಆಟ ನಿಂತ ಮೇಲೆ, ಕೈ ಸುಮ್ಮನಿರದೆ, ತನ್ನ ಹಳೆಯ ಆಟಗಳ ಲೆಕ್ಕವನ್ನೆಲ್ಲ ತೆಗೆದು ಕಂಪ್ಯೂಟರಿನಲ್ಲಿ ಹಾಕಿ ನೋಡಿದನಂತೆ.

“ಮಾವ, ಕೆಟ್ಟ ಎಲೆ ಬಂದಾಗ ನಾನು ಸೋತದ್ದು ಬಹಳ ಕಡಿಮೆ. ಸೋತದ್ದೆಲ್ಲ ಎಕ್ಕ ಬಂದಾಗ. ಅದರಲ್ಲೂ ಬ್ಲೈಂಡ್ ಹಾಕಿ ಕೂತಿದ್ದಾಗ” ಎಂದ.

ಅವನ ತಾಯಿಗೆ ಈ ವಿಷಯ ಇನ್ನೂ ತಿಳಿಯದು. ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದೆ. ಆದರೆ ಆ ಮಾತು ಮಾತ್ರ ತಲೆಯಲ್ಲಿ ಕೂತಿತು. 1982ರಲ್ಲಿ ಮಾವ ಕಳೆದ 23 ರೂಪಾಯಿಗೂ, ಅಳಿಯ ಕಳೆದ ಮನೆಗೂ ಕಾರಣ ಒಂದೇ ಎಲೆ. ಈ ಎಕ್ಕಕ್ಕೆ ಇಂಥ ಮೋಹಕ ಶಕ್ತಿ ಎಲ್ಲಿಂದ ಬಂತು? ನಿವೃತ್ತನಾದವನಿಗೆ ಹೊತ್ತಿಗೇನು ಬರ. ಪುಸ್ತಕಗಳನ್ನು ಹುಡುಕುತ್ತ ಹೋದೆ.

ಮೊದಲು ಕಣ್ಣಿಗೆ ಬಿದ್ದ ಸಂಗತಿ ಎಂದರೆ, ನಮ್ಮ ದೇಶದ ಜೂಜಿನ ಇತಿಹಾಸದಲ್ಲಿ ‘ಒಂದು’ ಎಂಬುದು ಸೋಲಿನ ಸಂಖ್ಯೆ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಗಾರನೊಬ್ಬನ ಗೋಳು. ತನ್ನನ್ನು ಎಂದೂ ಬೈಯದ, ಪ್ರೀತಿಯಿಂದಿದ್ದ ಹೆಂಡತಿಯನ್ನು ದೂರ ಮಾಡಿಕೊಂಡೆ ಎಂದು ಅವನು ಹಲುಬುತ್ತಾನೆ. ಯಾತಕ್ಕಾಗಿ? ಒಂದರಿಂದ ತಪ್ಪಿಹೋದ ದಾಳಕ್ಕಾಗಿ. ಅಂದಿನ ದಾಳವೆಂದರೆ ನಮ್ಮ ಮಲೆನಾಡಿನಲ್ಲಿ ಈಗಲೂ ಬೀಳುವ ತಾರೆಕಾಯಿ. ಹಿಡಿಯಷ್ಟು ಕಾಯಿ ತೆಗೆದು ನಾಲ್ಕು ನಾಲ್ಕಾಗಿ ಎಣಿಸುವುದು. ಶೇಷ ಉಳಿಯದಿದ್ದರೆ ಕೃತ, ಅದೇ ಗೆಲುವು. ಮೂರು ಉಳಿದರೆ ತ್ರೇತಾ, ಎರಡು ಉಳಿದರೆ ದ್ವಾಪರ, ಒಂದು ಉಳಿದರೆ ಕಲಿ. ನಾಲ್ಕು ಯುಗಗಳಿಗೂ ಈ ಹೆಸರುಗಳೇ ಇರುವುದನ್ನು ಓದುಗರು ಗಮನಿಸಬಹುದು. ನಾವು ಈಗ ಬದುಕಿರುವುದು ‘ಒಂದು’ ಬಿದ್ದ ಯುಗದಲ್ಲಿ! ನಳಮಹಾರಾಜನ ಮೈಯೊಳಗೆ ಹೊಕ್ಕು ಅವನಿಂದ ರಾಜ್ಯ ಕಳೆಸಿದ ಕಲಿಪುರುಷನ ಹೆಸರೂ ಅದೇ.

ಪಶ್ಚಿಮದಲ್ಲೂ ಇದೇ ಗತಿ. ಇಂಗ್ಲಿಷಿನ ‘ಏಸ್’ ಎಂಬ ಶಬ್ದ ಲ್ಯಾಟಿನಿನ ‘ಆಸ್’ ಎಂಬುದರಿಂದ ಬಂದದ್ದು. ಅದು ರೋಮನರ ಒಂದು ತಾಮ್ರದ ನಾಣ್ಯ, ಒಂದು ಎಂಬ ಏಕಮಾನ. ದಾಳದಲ್ಲಿ ಒಂದು ಚುಕ್ಕೆಯ ಮುಖಕ್ಕೆ ಆ ಹೆಸರಿತ್ತು. ಅದಕ್ಕಿಂತ ಕಡಿಮೆಯ ಮುಖವಿಲ್ಲ. ನಮ್ಮ ‘ಎಕ್ಕ’ವೂ ಸಂಸ್ಕೃತದ ‘ಏಕ’ವೇ. ಕನ್ನಡದಲ್ಲಿ ಎಕ್ಕ ಎಂದರೆ ಗಿಡವೂ ಹೌದು; ಅದು ‘ಅರ್ಕ’ದಿಂದ ಬಂದದ್ದು, ಬೇರೆ ಮಾತು. ಆದರೂ ಹಾಳುಬಿದ್ದ ಮನೆಯ ಅಂಗಳದಲ್ಲಿ ಎಕ್ಕ ಹುಟ್ಟುತ್ತದೆ, ‘ಎಕ್ಕುಟ್ಟಿ ಹೋಗು’ ಎಂಬ ನಮ್ಮ ಬೈಗುಳ ಅದರಿಂದಲೇ ಹುಟ್ಟಿದೆ. ಎರಡು ಎಕ್ಕಗಳು ಕೆಲವು ಮನೆಗಳಲ್ಲಿ ಒಂದಾಗುವುದುಂಟು.

ಇಸ್ಪೀಟು ನಮ್ಮ ಪ್ರಾಚೀನರಿಗೆ ತಿಳಿದಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ವಿನೋದಗಳನ್ನೆಲ್ಲ ವರ್ಣಿಸಿದ್ದಾನೆ, ಚದುರಂಗವಿದೆ, ಪಗಡೆಯಿದೆ, ಕವಡೆಯಿದೆ, ಎಲೆಯಾಟವಿಲ್ಲ. ಅದು ಬಂದದ್ದು ಮೊಗಲರ ಕಾಲಕ್ಕೆ. 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟೆನೆಂದು ಬಾಬರ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆತನಿಗೆ ಅವು ಬಲು ಇಷ್ಟವಂತೆ, ಕೇಳಿ ತರಿಸಿಕೊಂಡನಂತೆ. ಅಕ್ಬರನ ಕಾಲಕ್ಕೆ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ 12 ಜಾತಿಗಳ, ಜಾತಿಗೆ 12 ಎಲೆಗಳಂತೆ 144 ಎಲೆಗಳ ಕಟ್ಟನ್ನೇ ವರ್ಣಿಸುತ್ತಾನೆ.

ಈ ಗಂಜೀಫಾದಲ್ಲಿ ಎಕ್ಕದ ಸ್ಥಾನ ಬಹು ಸ್ವಾರಸ್ಯವಾದದ್ದು. ಬಳಕೆಗೆ ಬಂದ ಎಂಟು ಜಾತಿಯ ಕಟ್ಟಿನಲ್ಲಿ ನಾಲ್ಕು ಬಲಿಷ್ಠ ಜಾತಿಗಳು, ನಾಲ್ಕು ದುರ್ಬಲ ಜಾತಿಗಳು. ಎಲ್ಲದರಲ್ಲೂ ರಾಜ ಮೊದಲು, ಮಂತ್ರಿ ಆಮೇಲೆ. ಬಲಿಷ್ಠ ಜಾತಿಗಳಲ್ಲಿ ಮಂತ್ರಿಯ ಕೆಳಗೆ ಹತ್ತು, ಒಂಬತ್ತು, ಎಂಟು ಎಂದು ಇಳಿದು ಎಕ್ಕ ಕಟ್ಟಕಡೆ. ದುರ್ಬಲ ಜಾತಿಗಳಲ್ಲಿ ಕ್ರಮ ತಿರುಗುಮುರುಗು. ಎಕ್ಕ ಮಂತ್ರಿಯ ಮಗ್ಗುಲಲ್ಲಿ, ಹತ್ತು ಎಲ್ಲಕ್ಕಿಂತ ಕೀಳು. ಒಂದೇ ಕೈಯಲ್ಲಿ ಹಿಡಿದ ಎರಡು ಎಕ್ಕಗಳಲ್ಲಿ ಒಂದು ದೊಡ್ಡ ಮನುಷ್ಯ, ಇನ್ನೊಂದು ಜವಾನ. ಚುಕ್ಕೆ ಒಂದೇ ಆದರೂ ಮನೆತನ ನೋಡಿ ಮರ್ಯಾದೆ.

ಈ ಎಲೆಗಳು ದಕ್ಷಿಣಕ್ಕೆ ಇಳಿದು ದಶಾವತಾರಗಳಾದವು. ಹತ್ತು ಅವತಾರ, 120 ಎಲೆ. ಹಗಲು ಆಡಿದರೆ ರಾಮನ ಎಲೆ ಇದ್ದವರು, ರಾತ್ರಿ ಆಡಿದರೆ ಕೃಷ್ಣನ ಎಲೆ ಇದ್ದವರು ಆಟ ಆರಂಭಿಸುವುದು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಎಲ್ಲಿಗೋ ಒಯ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೆ, ಆ ದೊರೆ ಸಾಹಿತ್ಯ, ಚಿತ್ರ, ಆಟಗಳಲ್ಲಿ ಮನಸ್ಸಿಟ್ಟರು. ‘ಶ್ರೀತತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಛದ ಎಂಬ ಹೆಸರಿನಲ್ಲಿ ಹೊಸ ಹೊಸ ಎಲೆಯಾಟಗಳನ್ನು ಕಟ್ಟಿಕೊಟ್ಟಿದ್ದಾರೆ, ಕೆಲವಕ್ಕೆ ಮುನ್ನೂರಕ್ಕೂ ಹೆಚ್ಚು ಎಲೆಗಳು ಬೇಕು. ರಾಜ್ಯವಿಲ್ಲದ ರಾಜ ಮುನ್ನೂರು ಎಲೆಗಳ ಮೇಲೆ ದೇವತೆಗಳನ್ನು ಬರೆಸಿ, ಅವರಿಗೆ ಮೇಲುಕೀಳು ನಿಶ್ಚಯಿಸುತ್ತ ಕೂತದ್ದನ್ನು ನೆನೆದರೆ ಮನಸ್ಸು ಒಂಥರಾ ಆಗುತ್ತದೆ. ಆ ಚಿತ್ರಕಲೆಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ತುಂಬಿದವರು ಮೈಸೂರಿನ ಗಂಜೀಫಾ ರಘುಪತಿ ಭಟ್ಟರು. ಊರಿಗೆ ಹೋದಾಗ ಮಕ್ಕಳಿಗೆ ಅರಮನೆಯ ಜೊತೆಗೆ ಆ ಎಲೆಗಳನ್ನೂ ತೋರಿಸಿಕೊಂಡು ಬನ್ನಿ.

ಐವತ್ತೆರಡು ಎಲೆಯ ಕಟ್ಟು ಹಡಗಿನಲ್ಲಿ ಬಂತು. ನಾವು ಕಳಾವರ್ ಎನ್ನುವುದು ಡಚ್ಚರ ‘ಕ್ಲಾವರ್’. ಯುರೋಪಿನಲ್ಲೂ ಮೊದಲು ರಾಜನೇ ಮೇಲು, ಎಕ್ಕ ಕೀಳು ಎಂಬ ಆಟಗಳೇ ಹೆಚ್ಚಾಗಿದ್ದವು. ಕ್ರಮೇಣ ಎಕ್ಕ ರಾಜನ ತಲೆಯ ಮೇಲೆ ಹತ್ತಿತು. ಫ್ರಾನ್ಸಿನ ಕ್ರಾಂತಿಯಲ್ಲಿ ರಾಜನ ತಲೆ ಹೋದ ಮೇಲೆ ಬಡವನಾದ ಎಕ್ಕಕ್ಕೆ ಪಟ್ಟಾಭಿಷೇಕವಾಯಿತೆಂದು ಒಂದು ಕಥೆ ಬಹಳ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಕ್ರಾಂತಿ ನಡೆದದ್ದು 1789ರಲ್ಲಿ. 1674ರಲ್ಲೇ ಲಂಡನ್ನಿನಲ್ಲಿ ಅಚ್ಚಾದ ಚಾರ್ಲ್ಸ್ ಕಾಟನನ ಆಟದ ಕೈಪಿಡಿಯಲ್ಲಿ ಪಿಕೆಟ್, ವಿಸ್ಟ್ ಆಟಗಳಲ್ಲಿ ಎಕ್ಕವೇ ಎಲ್ಲಕ್ಕಿಂತ ಮೇಲೆಂದಿದೆ.

ಎಕ್ಕಕ್ಕೆ ಶೋಭೆ ತಂದದ್ದು ಸುಂಕದ ಇಲಾಖೆ ಎಂದರೆ ನಂಬುತ್ತೀರಾ? ಇಂಗ್ಲೆಂಡಿನಲ್ಲಿ ಇಸ್ಪೀಟಿನ ಕಟ್ಟಿಗೆ ತೆರಿಗೆ ಇತ್ತು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ 1765ರಿಂದ ಇಸ್ಪೀಟ್ ಎಕ್ಕವನ್ನು ಸರಕಾರವೇ ಅಚ್ಚು ಹಾಕಿ ಕೊಡತೊಡಗಿತು. 1862ರವರೆಗೂ ಹೀಗೆ ನಡೆಯಿತು. ನಕಲು ಮಾಡಲಾಗದಂತೆ ಅದಕ್ಕೆ ಬಳ್ಳಿ, ಕಿರೀಟ, ಚಿತ್ತಾರ. ನಕಲು ಮಾಡಿದವನಿಗೆ ಮರಣದಂಡನೆ. 1805ರಲ್ಲಿ ರಿಚರ್ಡ್ ಹಾರ್ಡಿಂಗ್ ಎಂಬವನನ್ನು ಇದಕ್ಕಾಗಿಯೇ ಗಲ್ಲಿಗೇರಿಸಿದರು. ಇಂದಿಗೂ ಯಾವ ಕಟ್ಟನ್ನು ತೆರೆದರೂ ಇಸ್ಪೀಟ್ ಎಕ್ಕ ಒಂದೇ ಮದುವಣಿಗನಂತೆ ಅಲಂಕಾರ ಮಾಡಿಕೊಂಡಿರುವುದು ಆ ಕಾರಣಕ್ಕೆ.

ಇಷ್ಟಾದರೂ ನಮ್ಮ ಊರಿನ ಆಟಗಳು ಎಕ್ಕಕ್ಕೆ ಮರುಳಾಗಲಿಲ್ಲ. ಇಪ್ಪತ್ತೆಂಟನ್ನು ನೋಡಿ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಜಾತಿಗೆ ಏಳರಂತೆ ನಾಲ್ಕು ಜಾತಿಗೆ ಇಪ್ಪತ್ತೆಂಟು. ರಾಜರಾಣಿಯರಿಗೆ ಸೊನ್ನೆ. ಡಚ್ಚರ ಯಾಸ್ ಬಗೆಯ ಆಟಗಳಲ್ಲೂ ತುರುಫಿನ ಗುಲಾಮ, ಒಂಬತ್ತು ಎಲ್ಲಕ್ಕಿಂತ ಮೇಲಾಗಿರುವುದರಿಂದ ಇದರ ಬೇರು ಅಲ್ಲಿರಬಹುದೆಂದು ಊಹಿಸುತ್ತಾರೆ. ಮೊದಲು ನಾಲ್ಕೇ ಎಲೆ ಹಂಚಿ, ಉಳಿದ ನಾಲ್ಕು ಬರುವ ಮೊದಲೇ ಕೂಗಬೇಕು. ನಮ್ಮ ಕಡೆಯ ಕಟ್ಟಿನಂತೆ ಮೊದಲನೆಯವನು ಹದಿನಾಲ್ಕನ್ನಾದರೂ ಕೂಗಲೇಬೇಕು, ಎಲೆ ಎಷ್ಟೇ ಕೆಟ್ಟದಿರಲಿ. ಎಲೆ ಬರುವ ಮೊದಲೇ ಹೆಗಲಿಗೆ ಬೀಳುವ ಈ ಹೊರೆಯನ್ನು ನೆನಪಿಟ್ಟುಕೊಳ್ಳಿ. ಪೋಕರಿನ ಬ್ಲೈಂಡು ಇದರ ದಾಯಾದಿ.

ಪೋಕರ್ ಹುಟ್ಟಿದ್ದು 19ನೆಯ ಶತಮಾನದ ಆರಂಭದಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್, ಮಿಸಿಸಿಪಿ ನದಿಯ ಹಡಗುಗಳಲ್ಲಿ. ಆಗ ಇಪ್ಪತ್ತೇ ಎಲೆ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ನಾಲ್ವರಿಗೆ ಐದೈದು ಹಂಚಿದರೆ ಕಟ್ಟು ಖಾಲಿ. ಎಕ್ಕಕ್ಕೆ ಪುಡಿ ಎಲೆಯ ಸಹವಾಸವೇ ಇರಲಿಲ್ಲ ಎಂಬುದು ಗಮನಾರ್ಹ. ಐವತ್ತೆರಡು ಎಲೆ ಸೇರಿದ ಮೇಲೆ ಎರಡು, ಮೂರು, ನಾಲ್ಕುಗಳೂ ಎಕ್ಕದ ಪಕ್ಕ ಬಂದು ಕೂತವು. ಇಂದು ಎಲ್ಲೆಡೆ ಆಡುವ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಬಗೆಗೆ ಟೆಕ್ಸಾಸಿನ ರಾಬ್ಸ್‌ಟೌನ್ ಊರೇ ಜನ್ಮಸ್ಥಳವೆಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಒಪ್ಪಿಕೊಂಡಿದೆ. 1970ರಿಂದ ಲಾಸ್ ವೇಗಸಿನಲ್ಲಿ ಅದರ ವಿಶ್ವಪಂದ್ಯ ನಡೆಯುತ್ತಿದೆ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಒಬ್ಬ ಸಾಧಾರಣ ಲೆಕ್ಕಪತ್ರದವನು ಕಂಪ್ಯೂಟರಿನಲ್ಲಿ ಆಡಿಯೇ ಅಲ್ಲಿಗೆ ಪ್ರವೇಶ ಪಡೆದು, ಹೋಗಿ ಗೆದ್ದುಬಿಟ್ಟ. ಅಂದಿನಿಂದ ಲೋಕದ ಎಲ್ಲ ಲೆಕ್ಕಪತ್ರದವರಿಗೂ ನಿದ್ದೆ ಕೆಟ್ಟಿತು.

ಈ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೇ ಎಲೆ. ನಡುವೆ ಎಲ್ಲರಿಗೂ ಸಾಮಾನ್ಯವಾಗಿ ಐದು ಎಲೆ ತೆರೆಯುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿ ಹೋಲಿಸುವುದು. ಹಂಚುವವನ ಎಡಗಡೆಯ ಇಬ್ಬರು ಮಾತ್ರ ಎಲೆ ನೋಡುವ ಮೊದಲೇ ಹಣ ಇಡಬೇಕು: ಒಬ್ಬ ಸಣ್ಣ ಬ್ಲೈಂಡು, ಮುಂದಿನವ ಸಾಮಾನ್ಯವಾಗಿ ಅದರ ಇಮ್ಮಡಿಯ ದೊಡ್ಡ ಬ್ಲೈಂಡು. ಸರದಿ ಸುತ್ತುತ್ತಿರುತ್ತದೆ, ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಅಳಿಯ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನು ಹಾಗೆಯೇ ಕೊಡುತ್ತೇನೆ. ಬ್ಲೈಂಡು 10 ಮತ್ತು 20 ರೂಪಾಯಿ ಎನ್ನಿ. ನೀವು 20 ಇಟ್ಟವರು. ಒಬ್ಬ 60ಕ್ಕೆ ಏರಿಸಿದ, ಉಳಿದವರು ಎಲೆ ಇಟ್ಟರು. ನಡುವೆ 90 ರೂಪಾಯಿ ಬಿದ್ದಿದೆ. ನೀವು ಇನ್ನು 40 ಹಾಕಿದರೆ ಆಟದಲ್ಲಿರುತ್ತೀರಿ. ಎಲೆ ನೋಡಿದರೆ ಎಕ್ಕ ಮತ್ತು ನಾಲ್ಕು, ಬೇರೆ ಬೇರೆ ಜಾತಿಯವು. 90ಕ್ಕೆ 40 ಅಗ್ಗವಾಗಿ ಕಾಣುತ್ತದೆ. ನೂರಕ್ಕೆ 31 ಸಲ ಗೆದ್ದರೆ ಸರಿಹೋಗುತ್ತದೆ. ಎದುರಿನವನ ಹತ್ತಿರ ರಾಜ-ರಾಣಿ ಇದ್ದರೆ ನಿಮ್ಮದೇ ಸ್ವಲ್ಪ ಮೇಲು. ಆದರೆ ಅವನ ಹತ್ತಿರ ಎಕ್ಕ-ರಾಜ ಇದ್ದರೆ? ಆಗ ನಿಮ್ಮ ಪಾಲು ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಕ್ಕ ಎರಡೂ ಕಡೆ ಇದ್ದಾಗ ಜೊತೆಗಾರ ಎಲೆ ತೀರ್ಮಾನ ಮಾಡುತ್ತದೆ. ನಾಲ್ಕು ಯಾರನ್ನು ತಾನೇ ಸೋಲಿಸೀತು?

ಬೇರೊಬ್ಬನ ಹತ್ತಿರ ಎಕ್ಕ ಇರುವುದು ಅಪರೂಪವಲ್ಲವೇ ಎಂದು ಕೇಳಿದೆ. ಅಲ್ಲವಂತೆ. ಒಂಬತ್ತು ಜನ ಆಡುವಾಗ ನಿಮ್ಮ ಕೈಯಲ್ಲಿ ಒಂದು ಎಕ್ಕವಿದ್ದರೂ, ಉಳಿದ ಎಂಟು ಜನರಲ್ಲಿ ಒಬ್ಬನಿಗಾದರೂ ಇನ್ನೊಂದು ಎಕ್ಕ ಬಂದಿರುವ ಸಂಭವ ನೂರಕ್ಕೆ 69. ಆರು ಜನ ಆಡುವಾಗಲೂ ಸುಮಾರು ಅರ್ಧಕ್ಕರ್ಧ. ಎಕ್ಕ ಬಂದ ಉಳಿದವರೂ ನಮ್ಮಂತೆಯೇ ಎಕ್ಕವನ್ನು ಬಿಡಲಾರದವರು, ಆದ್ದರಿಂದ ಹಣ ಹಾಕಿ ಉಳಿದವರಲ್ಲಿ ಅದು ಇರುವುದು ಇನ್ನೂ ಹೆಚ್ಚು.

ನಡುವಿನ ಮೊದಲ ಮೂರು ಎಲೆಗಳಲ್ಲಿ ಎಕ್ಕ ಬೀಳುವುದು ಆರು ಸಲಕ್ಕೆ ಸುಮಾರು ಒಂದು ಸಲ. ಬಿತ್ತೆನ್ನಿ, ಆಗ ಸಂತೋಷಪಡಬೇಕೋ ಹೆದರಬೇಕೋ? ಎಕ್ಕವಿಲ್ಲದವನು ನಿಮಗೆ ಹೆಚ್ಚು ಹಣ ಕೊಡದೆ ಎದ್ದು ಹೋಗುತ್ತಾನೆ. ಕೊನೆಯವರೆಗೆ ಹಣ ಹಾಕುತ್ತ ಬರುವವನು ದೊಡ್ಡ ಜೊತೆಗಾರನಿರುವ ಎಕ್ಕದವನೇ. ಗೆದ್ದರೆ ಚಿಲ್ಲರೆ, ಸೋತರೆ ನೋಟು. ಅದೂ ಅಲ್ಲದೆ ಏರಿಸಿದವನ ಎದುರು ಬ್ಲೈಂಡಿನವನು ಮುಂದಿನ ಮೂರು ಸುತ್ತಿನಲ್ಲೂ ಮೊದಲು ಮಾತಾಡಬೇಕು. ಎದುರಿನವನು ನೋಡಿಕೊಂಡು ಮಾತಾಡುತ್ತಾನೆ. ಕೋರ್ಟು ಕಚೇರಿ ಕಂಡವರಿಗೆ ಇದರ ಅನಾನುಕೂಲ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಎಕ್ಕ ಕಂಡೊಡನೆ ಎಸೆಯಬೇಕೆಂದೂ ಅಲ್ಲ. ಹಂಚುವ ಜಾಗದಲ್ಲಿ ಕೂತವನು ಯಾವ ಎಲೆ ಬಂದರೂ ಏರಿಸಿ ಬ್ಲೈಂಡು ಕದಿಯುವ ಆಸಾಮಿಯಾದರೆ ಎಕ್ಕ-ನಾಲ್ಕು ಸಾಕು. ಇಬ್ಬರೇ ಆಡುವಾಗ ಯಾವ ಎಕ್ಕವೂ ಒಳ್ಳೆಯದೇ. ಎರಡೂ ಒಂದೇ ಜಾತಿಯವಾದರೆ ಇನ್ನೂ ವಾಸಿ. ಇಲ್ಲೊಂದು ಸೊಗಸಿದೆ. ಎಕ್ಕದ ಜೊತೆ ಎರಡು, ಮೂರು, ನಾಲ್ಕು, ಐದು ಕೂಡಿದರೆ ಪೋಕರಿನಲ್ಲಿ ಅದೂ ಒಂದು ಸಾಲು. ಅಲ್ಲಿ ಎಕ್ಕ ತನ್ನ ಹಳೆಯ ಬೆಲೆಗೆ, ಬರಿಯ ಒಂದಕ್ಕೆ, ಇಳಿದು ನಿಲ್ಲುತ್ತದೆ. ಆದ್ದರಿಂದ ಎಕ್ಕ-ಐದು ಕೆಲವೊಮ್ಮೆ ಎಕ್ಕ-ಆರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದುಂಟು. ಕಿರೀಟ ತೆಗೆದಿಟ್ಟರೆ ಎಕ್ಕ ದುಡಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಏಕೆ ಆಡಿದೆ ಎಂದೆ. “ಇಪ್ಪತ್ತು ಆಗಲೇ ಇಟ್ಟಿರುತ್ತೇನಲ್ಲ ಮಾವ, ಅದು ನನ್ನದು ಅನ್ನಿಸುತ್ತದೆ” ಎಂದ.

ಈ ಮಾತು ಹಸ್ತಿನಾಪುರದಷ್ಟು ಹಳೆಯದು. ಹಸ್ತಿನಾಪುರವಿರುವ ಮೇರಠ ಜಿಲ್ಲೆ ಈಗ ನಮ್ಮ ರಾಷ್ಟ್ರ ರಾಜಧಾನಿ ವಲಯದೊಳಗೇ ಇದೆ; ಪಾಂಡವರ ಇಂದ್ರಪ್ರಸ್ಥವೋ, ಪುರಾನಾ ಕಿಲಾದ ದಿಬ್ಬವೆಂದೇ ಪ್ರತೀತಿ. ಧರ್ಮರಾಯ ಆಡಿದ್ದು ಆಸೆಯಿಂದಲ್ಲ, ಕರೆದರೆ ಒಲ್ಲೆನೆನ್ನಬಾರದೆಂಬ ಕಟ್ಟಿನಿಂದ. ಎಲೆ ನೋಡುವ ಮೊದಲೇ ಇಟ್ಟ ಪಣ ಅದು. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಆ ಸಭೆಯನ್ನು ಚಿತ್ರಿಸಿರುವುದನ್ನು ಓದುಗರು ಬಲ್ಲರು. ಆದರೆ ನಾವು ಹೆಚ್ಚು ನೆನೆಯದ ಸಂಗತಿ ಎರಡನೆಯ ದ್ಯೂತದ್ದು. ಧೃತರಾಷ್ಟ್ರ ದ್ರೌಪದಿಗೆ ವರಕೊಟ್ಟು, ಕಳೆದದ್ದೆಲ್ಲ ತಿರುಗಿ ಬಂದಿತ್ತು. ಪಾಂಡವರು ಊರಿಗೆ ಹೊರಟಿದ್ದರು. ದಾರಿಯಲ್ಲಿ ಮತ್ತೆ ಕರೆ ಬಂತು, ಮತ್ತೆ ಹೋದ. ಒಂದೇ ಆಟ, ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ.

ಕಾಡಿನಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕಥೆ ಹೇಳುತ್ತಾನೆ. ಋತುಪರ್ಣ ರಾಜ ರಥದಲ್ಲಿ ಹೋಗುತ್ತಿರುವಾಗಲೇ ತಾರೆಮರದ ಎಲೆಕಾಯಿಗಳನ್ನು ಎಣಿಸಿ ಹೇಳುವುದು, ನಳ ಮರ ಕಡಿದು ಎಣಿಸಿ ಸರಿಯೆಂದು ಕಾಣುವುದು, ಅಶ್ವಹೃದಯಕ್ಕೆ ಬದಲಾಗಿ ಅಕ್ಷಹೃದಯವನ್ನು ಕಲಿಯುವುದು, ಆ ಕ್ಷಣವೇ ಕಲಿ ಅವನ ಮೈ ಬಿಟ್ಟು ಹೋಗುವುದು. ಜೂಜಿನಲ್ಲಿ ಅದೃಷ್ಟವೇ ಎಲ್ಲವಲ್ಲ, ಎಣಿಕೆಯ ವಿದ್ಯೆಯೂ ಉಂಟು ಎಂದು ನಮ್ಮವರು ಅಂದೇ ಹೇಳಿದ್ದರು. ಮುಂದೆ ಧರ್ಮರಾಯನೂ ಆ ವಿದ್ಯೆಯನ್ನು ಮುನಿಯಿಂದ ಕಲಿತ. ರಾಜ್ಯ ಹೋದ ಮೇಲೆ!

ವಿದ್ಯೆಯೋ ಅದೃಷ್ಟವೋ ಎಂಬ ಈ ಪ್ರಶ್ನೆಯೇ ನಮ್ಮ ನ್ಯಾಯಾಲಯಗಳನ್ನೂ ಕಾಡಿತು. 1867ರ ಜೂಜಿನ ಕಾನೂನು ಬರಿಯ ಕೌಶಲದ ಆಟಗಳನ್ನು ಕೈಬಿಟ್ಟಿತ್ತು. ದೆಹಲಿಗೆ 1955ರಲ್ಲಿ ಬೇರೆ ಕಾನೂನೇ ಆಯಿತು. ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದು, 1967ರಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದರು. ಬೀಳುವ ಎಲೆಗಳನ್ನು ನೆನಪಿಡುವುದರಲ್ಲಿ, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂಬುದರಲ್ಲಿ ಆ ಕೌಶಲವಿದೆ ಎಂಬುದು ಅವರ ತರ್ಕ. ಮೂರೆಲೆಯ ಆಟವನ್ನು ಅವರು ಬರಿಯ ಅದೃಷ್ಟದ ಸಾಲಿಗೆ ಸೇರಿಸಿದರು. ನನ್ನ 23 ರೂಪಾಯಿಗೆ ಅಪೀಲಿಲ್ಲ. ಪೋಕರಿನ ವಿಷಯದಲ್ಲಿ 2013ರಲ್ಲಿ ಕರ್ನಾಟಕದ ಹೈಕೋರ್ಟು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡವೆಂದಿತು. 2017ರಲ್ಲಿ ಗುಜರಾತಿನ ಹೈಕೋರ್ಟು ಅದನ್ನು ಜೂಜೆಂದಿತು. 2021ರಲ್ಲಿ ಕರ್ನಾಟಕ ಸರಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ತಡೆಯಹೊರಟಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ಹೊಡೆದುಹಾಕಿತು.

ಆಟಕ್ಕಿಂತ ಅದರ ಹುಟ್ಟುವಳಿಯಲ್ಲಿ ಆಸಕ್ತಿ ಇದ್ದವರೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿ ಗೆದ್ದದ್ದರಲ್ಲಿ ನೂರಕ್ಕೆ ಐದು ವಸೂಲು ಮಾಡುತ್ತಾನೆ. 2023ರ ಅಕ್ಟೋಬರಿನಿಂದ ನಮ್ಮ ಸರಕಾರ ಫೋನಿನ ಆಟಕ್ಕೆ ಕಟ್ಟಿದ ಹಣದ ಮೇಲೆಯೇ ನೂರಕ್ಕೆ 28 ತೆರಿಗೆ ಹಾಕಿತು. ಮತ್ತೆ ಇಪ್ಪತ್ತೆಂಟೇ! ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲ ಉಳ್ಳವರಿಗೆ ಅನ್ಯಾಯವಾಯಿತೆಂದು ವಾದಿಸುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಹಿದಾಯತುಲ್ಲಾ ಅವರು ಹೇಳಿದ ಕೌಶಲದ ಅರ್ಧ, ಎಂದರೆ ಎಲೆ ಬಿಡುವುದು, ಬೆರಳ ತುದಿಯಲ್ಲಿ ದಿನವಿಡೀ ಆಟ ತೆರೆದಿರುವಾಗ ಎಷ್ಟು ಜನರಿಗೆ ಬಂದೀತು? ಲೆಕ್ಕವೆಲ್ಲ ಬಲ್ಲ ಹುಡುಗನಿಗೇ ಬರಲಿಲ್ಲ.

ಆ ರಾತ್ರಿ ಅವನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ. ಮನೆಯಾಕೆ ಹುಣಸೆ ಬೀಜದ ಡಬ್ಬಿ ತಂದಳು. ಕೆಳಗಿನ ಮನೆಯ ಹುಬ್ಬಳ್ಳಿಯವರನ್ನು ಕರೆದೆವು. ನಾಲ್ವರೂ ಇಪ್ಪತ್ತೆಂಟಕ್ಕೆ ಕೂತೆವು. ಮೊದಲ ಕೂಗು ಅಳಿಯನದೇ ಬಂತು. ನಾಲ್ಕು ಎಲೆ ಎತ್ತಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. “ಹದಿನಾಲ್ಕು” ಎಂದ. ಹದಿನೈದು, ಹದಿನಾರು ಎಂದು ಹುಬ್ಬಳ್ಳಿಯವರು ಏರಿಸುತ್ತ ಹೋದರು. ಮತ್ತೆ ಸರದಿ ಬಂದಾಗ ಅವನು ಬಾಯಿ ತೆರೆದವನು ಮುಚ್ಚಿ, ಪಾಸ್ ಎಂದ. ಆಟ ಮುಗಿದ ಮೇಲೆ ನೋಡಿದರೆ ಮೊದಲ ನಾಲ್ಕರಲ್ಲಿ ಎರಡು ಎಕ್ಕಗಳಿದ್ದವು. ಎರಡನ್ನೂ ಮನೆಯಾಕೆ ಒಂದೊಂದೇ ಗುಲಾಮ ಇಟ್ಟು ಹೊಡೆದಿದ್ದಳು.